12ನೇ ಫ್ರೆಟ್ಟಿನಲ್ಲಿ ಬಾಸ್ ಶ್ರುತಿ ಬಿಡುತ್ತಿದೆ, ಸ್ಯಾಡಲ್ ಹಿಂದೆ ಹೋಗಲು ಜಾಗವೇ ಇಲ್ಲ!

ಹಾಸನದ ಬಾಸು

ಎಲ್ಲರಿಗೂ ನಮಸ್ಕಾರ. ನಾನು ಒಂದು ರಸಮಂಜರಿ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವವರೆಗೆ ಪ್ರೋಗ್ರಾಂ ಜಾಸ್ತಿ, ಉಳಿದ ದಿನ ಅಂಗಡಿ ವ್ಯಾಪಾರ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಬಾಸ್ ತಗೊಂಡೆ. ಪ್ರಿಸಿಷನ್ ಬಾಸ್ ಮಾದರಿಯದು, ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ).

ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ (ನೆಕ್, ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿಗಳು) ನುಡಿಸುವಾಗ ತೊಂದರೆ ಇಲ್ಲ. ಕೈ ಬಾಡಿ ಕಡೆಗೆ ಹೋದಂತೆಲ್ಲ ಸ್ವರ ಏರುತ್ತದೆ. ಹೋದ ವಾರ ಪ್ರಾಕ್ಟೀಸಿನಲ್ಲಿ ನಮ್ಮ ಕೀಬೋರ್ಡ್ ಅಣ್ಣ ಹಾಡಿನ ಮಧ್ಯೆಯೇ ತಿರುಗಿ ನೋಡಿದರು. ಹಾಡು ಮುಗಿದ ಮೇಲೆ "ಲೋ, ಮೇಲೆ ಹೋದಾಗ ನಿಂದು ಏರ್ತಾ ಇದೆ ಕಣೋ, ಕೇಳಿಸ್ತಿಲ್ವಾ?" ಅಂದರು. ಕೇಳಿಸುತ್ತಿತ್ತು. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ.

ಮನೆಗೆ ಬಂದು ಟ್ಯೂನರ್ ಇಟ್ಟು ನೋಡಿದೆ. 12ನೇ ಫ್ರೆಟ್ ಮೇಲಿನ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ತಾಗಿಸಿ ಮೀಟಿದ ಸ್ವರ) ಮತ್ತು ಅದೇ ಫ್ರೆಟ್ ಒತ್ತಿದ ಸ್ವರ, ಎರಡನ್ನೂ ಹೋಲಿಸಿದೆ. ಒತ್ತಿದಾಗ ಇ-ತಂತಿ ಎಲ್ಲಕ್ಕಿಂತ ಜಾಸ್ತಿ ಏರುತ್ತದೆ, ಎ-ತಂತಿ 9 ಸೆಂಟ್ (ಒಂದು ಫ್ರೆಟ್ಟಿನ ಸ್ವರಾಂತರದ ನೂರನೇ ಒಂದು ಭಾಗಕ್ಕೆ ಒಂದು ಸೆಂಟ್), ಡಿ-ತಂತಿ 4, ಜಿ-ತಂತಿ 2. ಏರಿದರೆ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು, ಹಿಂದಕ್ಕೆ ತರಬೇಕು ಅಂತ ವಿಡಿಯೋದಲ್ಲಿ ನೋಡಿದ್ದೆ. ಸ್ಕ್ರೂ ತಿರುಗಿಸುತ್ತಾ ಹೋದೆ. ಈಗ ಇ-ತಂತಿಯ ಸ್ಯಾಡಲ್ ಪೂರ್ತಿ ಹಿಂದೆ ಹೋಗಿ ನಿಂತಿದೆ, ಸ್ಪ್ರಿಂಗ್ ಚಪ್ಪಟೆಯಾಗಿದೆ. ಆಮೇಲೂ ಇ-ತಂತಿ 14 ಸೆಂಟ್ ಏರು!

ಸ್ಪ್ರಿಂಗ್ ಕತ್ತರಿಸಿ ಹಾಕಲಾ? ಇಲ್ಲ, ಬ್ರಿಡ್ಜನ್ನೇ ಬಿಚ್ಚಿ ಸ್ವಲ್ಪ ಹಿಂದಕ್ಕೆ ಹೊಸ ತೂತು ಹೊಡೆದು ಕೂರಿಸಲಾ? ಡ್ರಿಲ್ಲಿಂಗ್ ಮೆಷಿನ್ ಪಕ್ಕದ ಮನೆಯಲ್ಲಿದೆ. ಮುಂದಿನ ಶನಿವಾರದ ಮುಂದಿನ ಶನಿವಾರ ಪ್ರೋಗ್ರಾಂ.


ಬೀಟೆಮರ

ಮೊದಲು ಆ ಡ್ರಿಲ್ಲಿಂಗ್ ಮೆಷಿನ್ ಪಕ್ಕದ ಮನೆಯಲ್ಲೇ ಇರಲಿ. ಸ್ಪ್ರಿಂಗನ್ನೂ ಮುಟ್ಟಬೇಡಿ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 34 ಇಂಚು ಅಂದರೆ ಸುಮಾರು 864 ಮಿ.ಮೀ. ಈ ಉದ್ದದ ತಂತಿಯಲ್ಲಿ ಸ್ಯಾಡಲ್ 1 ಮಿ.ಮೀ. ಸರಿದರೆ 12ನೇ ಫ್ರೆಟ್ಟಿನ ಸ್ವರ, ಖಾಲಿ ತಂತಿಗೆ ಹೋಲಿಸಿದರೆ, ಸುಮಾರು 2 ಸೆಂಟ್ ಬದಲಾಗುತ್ತದೆ. ನಿಮ್ಮ 14 ಸೆಂಟ್ ಸರಿಹೋಗಲು ಸ್ಯಾಡಲ್ ಇನ್ನೂ 7 ಮಿ.ಮೀ. ಹಿಂದೆ ಹೋಗಬೇಕು. ಈಗಾಗಲೇ ಪೂರ್ತಿ ಹಿಂದಿರುವ ಸ್ಯಾಡಲ್ ಇನ್ನೂ 7 ಮಿ.ಮೀ. ಕೇಳುತ್ತಿದೆ ಅಂದರೆ ತಪ್ಪು ಸ್ಯಾಡಲ್‌ದಲ್ಲ. ಬೇರೆ ಎಲ್ಲೋ ಇದೆ.

ಇಷ್ಟು ನೋಡಿ ಹೇಳಿ. ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಂಚಿನಿಂದ 12ನೇ ಫ್ರೆಟ್ಟಿಗೆ ಎಷ್ಟು ಮಿ.ಮೀ.? ತಂತಿ ಎಷ್ಟು ಹಳೆಯದು? 12ನೇ ಫ್ರೆಟ್ ಮೇಲೆ ಇ-ತಂತಿ ಎಷ್ಟು ಎತ್ತರದಲ್ಲಿದೆ? ಮತ್ತೆ ಮುಖ್ಯವಾಗಿ, ಇ-ತಂತಿಯನ್ನು 1ನೇ ಫ್ರೆಟ್ಟಿನಲ್ಲೂ ಕೊನೇ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದಾಗ 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದು? ಅಳೆಯಲು ದುಡ್ಡು ಹಾಕಬೇಡಿ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇರುತ್ತದೆ, ಒಂದು ಗಂಟೆ ಇಸ್ಕೊಳ್ಳಿ.


ಡೆಸಿಬಲ್ ದಾಸ

ಟ್ಯೂನರ್ ಯಾವುದು ಅಂತ ಯಾರೂ ಕೇಳಲಿಲ್ಲವಲ್ಲ! ಮೊಬೈಲ್ ಆ್ಯಪ್ ಆಗಿದ್ದರೆ ಆ ಅಂಕಿಗಳನ್ನೆಲ್ಲ ಬದಿಗಿಡಿ. ಇ-ತಂತಿ ಖಾಲಿ ನುಡಿದರೆ 41.2 ಹರ್ಟ್ಸ್. ಮೊಬೈಲಿನ ಮೈಕಿಗೆ ಅಷ್ಟು ಕೆಳಗಿನ ಸ್ವರ ಸರಿಯಾಗಿ ಕೇಳುವುದೇ ಇಲ್ಲ, ಮೇಲಿನ ಅನುರಣನ ಹಿಡಿದುಕೊಂಡು ಏನೋ ತೋರಿಸುತ್ತದೆ. ಕೇಬಲ್ ಹಾಕಿ, ಪೆಡಲ್ ಟ್ಯೂನರಿಗೆ ನೇರ ಕೊಡಿ. ವಾಲ್ಯೂಮ್ ಪೂರ್ತಿ ಏರಿಸಿ, ಟೋನ್ ಪೂರ್ತಿ ಇಳಿಸಿ. ಬೆರಳಿನಿಂದ ಮೆತ್ತಗೆ ಮೀಟಿ. ಜೋರಾಗಿ ಮೀಟಿದರೆ ಮೊದಲು ಏರಿ ಆಮೇಲೆ ಇಳಿಯುತ್ತದೆ, ಮುಳ್ಳು ನಿಲ್ಲುವುದೇ ಇಲ್ಲ.

ಇನ್ನೊಂದು. ನಿಮ್ಮ ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗ್ 440 ಹರ್ಟ್ಸಿನಲ್ಲೇ ಇದೆಯಾ? ಯಾರೋ ಮುಟ್ಟಿ 442 ಆಗಿದ್ದರೆ ಅಲ್ಲೇ ಸುಮಾರು 8 ಸೆಂಟ್ ಹೋಯಿತು. ಒಂದು ಕಡೆ ಸ್ಟೇಜಿನಲ್ಲಿ ಅರ್ಧ ಗಂಟೆ ಬಾಸಿನವನನ್ನು ಬೈದು ಕೊನೆಗೆ ನೋಡಿದರೆ ಕೀಬೋರ್ಡೇ ತಪ್ಪಿತ್ತು.


ಹಾಸನದ ಬಾಸು

ದಾಸ ಸರ್, ಕೀಬೋರ್ಡ್ 440. ನೋಡಿದ್ದಕ್ಕೆ ಅಣ್ಣ ಸ್ವಲ್ಪ ಸಿಟ್ಟಾದರು. ಟ್ಯೂನರ್ ಪೆಡಲ್ಲೇ, ಕೇಬಲ್ ಹಾಕಿಯೇ ನೋಡಿದ್ದು.

ಬೀಟೆಮರ ಸರ್, ಅಳತೆ ಹೀಗಿದೆ. ನಟ್‌ನಿಂದ 12ನೇ ಫ್ರೆಟ್ 432 ಮಿ.ಮೀ. 12ನೇ ಫ್ರೆಟ್ ಮೇಲೆ ಇ-ತಂತಿ 4.2 ಮಿ.ಮೀ. ಎತ್ತರ. ಆ 8ನೇ ಫ್ರೆಟ್ ಸಂದು 1.1 ಮಿ.ಮೀ. ಫೀಲರ್ ಗೇಜಿನ ಎರಡು ಎಲೆ ಸೇರಿಸಿ ತೂರಿಸಬೇಕಾಯಿತು. ಗ್ಯಾರೇಜಿನವರು "ಗಿಟಾರಿಗೂ ಟ್ಯಾಪೆಟ್ ಇರ್ತದಾ?" ಅಂತ ಕೇಳಿ ನಕ್ಕರು.

ತಂತಿ ಎಷ್ಟು ಹಳೆಯದೋ ಗೊತ್ತಿಲ್ಲ. ಮಾರಿದವರು ಹಾಕಿದ್ದೇ ಇದೆ. ನುಡಿಸಿದ ಮೇಲೆ ಬೆರಳಿಗೆ ಕಪ್ಪು ಹತ್ತುತ್ತದೆ.

ಒಂದು ವಿಷಯ ಮರೆತಿದ್ದೆ. ಮಳೆಗಾಲದಲ್ಲಿ ಮೇಲಿನ ಫ್ರೆಟ್ಟುಗಳಲ್ಲಿ ಝರ್ ಅಂತ ಸದ್ದು ಬರುತ್ತಿತ್ತು. ಒಂದು ಅಂಗಡಿಗೆ ಕೊಟ್ಟೆ. ಅವರು ನಾಲ್ಕೂ ಸ್ಯಾಡಲ್ ಎತ್ತಿ ಕೊಟ್ಟರು. ಸದ್ದು ಹೋಯಿತು, 500 ರೂಪಾಯಿಯೂ ಹೋಯಿತು.


ಬೀಟೆಮರ

ಸಿಕ್ಕಿತು ನೋಡಿ. 432 ಅಂದರೆ 864ರ ಸರಿ ಅರ್ಧ, ಹಾಗಾಗಿ ಫ್ರೆಟ್ಟುಗಳ ತಪ್ಪಿಲ್ಲ. ನಿಮ್ಮ ನೆಕ್ ಮಳೆಗಾಲದಲ್ಲಿ ಬಿಲ್ಲಿನ ಹಾಗೆ ಬಾಗಿದೆ. ನಾನು ಆ ಸಂದನ್ನು 0.3 ಮಿ.ಮೀ. ಇಡುತ್ತೇನೆ, ಒಂದು ದಪ್ಪ ವಿಸಿಟಿಂಗ್ ಕಾರ್ಡ್ ತೂರುವಷ್ಟು. ನಿಮ್ಮದು 1.1! ನೆಕ್ ಬಾಗಿದಾಗ ಬಾಡಿ ಹತ್ತಿರದ ಫ್ರೆಟ್ಟುಗಳು ತಂತಿಗೆ ತಗುಲಿ ಝರ್ ಅನ್ನುವುದುಂಟು. ಆಗ ನೆಕ್ ನೆಟ್ಟಗೆ ಮಾಡಬೇಕಿತ್ತು. ಸ್ಯಾಡಲ್ ಎತ್ತಿದ್ದು ಮನೆ ಸೋರಿದರೆ ಕೆಳಗೆ ಬಕೆಟ್ ಇಟ್ಟ ಹಾಗೆ.

ಎತ್ತರಕ್ಕೂ ಶ್ರುತಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಫ್ರೆಟ್ ಒತ್ತಿದಾಗ ತಂತಿ ಕೆಳಗೆ ಬಾಗಬೇಕು. ಬಾಗಿದರೆ ಎಳೆಯುತ್ತದೆ, ಎಳೆದರೆ ಬಿಗಿಯಾಗುತ್ತದೆ, ಬಿಗಿಯಾದರೆ ಸ್ವರ ಏರುತ್ತದೆ. ಬಟ್ಟೆ ಒಣಗಿಸುವ ಹಗ್ಗದ ನಡುವೆ ಕೈಯಿಟ್ಟು ಒತ್ತಿ ನೋಡಿ, ಗೊತ್ತಾಗುತ್ತದೆ. ಇಲ್ಲಿ ಒಂದು ಪೇಚಿದೆ. ಎತ್ತರ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಆಗುತ್ತದೆ. 4.2 ಮಿ.ಮೀ. ಎತ್ತರಕ್ಕೆ ದಪ್ಪ ಇ-ತಂತಿ ಎಷ್ಟು ಏರಬೇಕೋ ಅಷ್ಟು ಏರಿದೆ. ನೀವು ಅದನ್ನು ಪಾಪ ಆ ಸಣ್ಣ ಸ್ಕ್ರೂನಿಂದ ಸರಿಮಾಡಲು ಹೊರಟಿದ್ದೀರಿ.

ಇಂಟೋನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವುದು) ಸ್ಕ್ರೂ, ಅಂದರೆ ಸ್ಯಾಡಲ್ ಹಿಂದೆ ಮುಂದೆ ಸರಿಸುವುದು, ಕೊನೆಗೆ ಮುಟ್ಟುವುದು. ಮೊದಲು ಹೊಸ ತಂತಿ, ಆಮೇಲೆ ನೆಕ್, ಆಮೇಲೆ ಎತ್ತರ, ಪಿಕಪ್ (ತಂತಿಯ ಕೆಳಗಿನ, ಸ್ವರ ಹಿಡಿಯುವ ಅಯಸ್ಕಾಂತದ ಭಾಗ). ಇದೆಲ್ಲ ಆದ ಮೇಲೆ ಸ್ಯಾಡಲ್. ಇವುಗಳಲ್ಲಿ ಯಾವುದನ್ನು ಆಮೇಲೆ ಬದಲಿಸಿದರೂ ಇಂಟೋನೇಶನ್ ಮತ್ತೆ ಮೊದಲಿನಿಂದ.


ಹಳೇ ಆರ್ಕೆಸ್ಟ್ರಾ

ಇಷ್ಟೆಲ್ಲ ಗೇಜು ಗೀಜು ಯಾಕ್ರಪ್ಪ? ನಾನು 80ರ ದಶಕದಲ್ಲಿ ನುಡಿಸಿದವನು. ಆಗ ನಮ್ಮಲ್ಲಿ ಟ್ಯೂನರ್ ಅನ್ನೋದು ಯಾರ ಹತ್ತಿರವೂ ಇರಲಿಲ್ಲ. ಹಾರ್ಮೋನಿಯಂ ಕೊಟ್ಟ ಶ್ರುತಿಗೆ ಸೇರಿಸೋದು, ನುಡಿಸೋದು. ಕಿವಿ ಇದ್ದರೆ ಸಾಕು.

ನನ್ನ ಹತ್ತಿರ ಪಿಟೀಲಿನ ಆಕಾರದ ಬಾಸ್ ಇತ್ತು, ಹಾಫ್ನರ್ ಬಾಸಿನ ನಕಲು. ಅದರ ಬ್ರಿಡ್ಜ್ ಮರದ್ದು, ಸ್ಕ್ರೂ ಗಿಕ್ರೂ ಇಲ್ಲ. ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಕೈಗೆ ಬಂದುಬಿಡುತ್ತದೆ. ಒಮ್ಮೆ ಅರಸೀಕೆರೆಯಲ್ಲಿ ಪ್ರೋಗ್ರಾಮಿಗೆ ಮುಂಚೆ ಹಾಗೇ ಆಯಿತು. ಎಲ್ಲಿತ್ತು ಅಂತ ಗುರುತಿಲ್ಲ. ಗ್ರೀನ್ ರೂಮಿನ 40 ವ್ಯಾಟ್ ಬಲ್ಬಿನ ಕೆಳಗೆ ಕೂತು, 12ನೇ ಫ್ರೆಟ್ಟಿನ ಹಾರ್ಮೋನಿಕ್ ಒಂದು ಸಲ, ಒತ್ತಿದ್ದು ಒಂದು ಸಲ, ಬ್ರಿಡ್ಜನ್ನು ಬೆರಳಿನಲ್ಲಿ ಒಂದೊಂದೇ ಕೂದಲಷ್ಟು ತಳ್ಳುತ್ತಾ ಸೇರಿಸಿದೆ. ಹೊರಗೆ ನಿರೂಪಕ ಮೂರನೇ ಸಲ ಸ್ವಾಗತ ಹೇಳ್ತಾ ಇದ್ದ. ಅವತ್ತಿನಿಂದ ಬ್ರಿಡ್ಜ್ ಪಾದದ ಸುತ್ತ ಪೆನ್ಸಿಲ್ ಗೀಟು ಹಾಕಿಯೇ ತಂತಿ ಬಿಚ್ಚುತ್ತಿದ್ದೆ, ಅದೂ ಒಂದೊಂದಾಗಿ.


ಬೀಟೆಮರ

ಸರ್, ನೀವು ಹೇಳಿದ್ದರಲ್ಲೇ ಉತ್ತರ ಇದೆ. ನೀವು ಕಿವಿಯಿಂದ ಮಾಡಿದ್ದೂ ಇದೇ ಕೆಲಸ. ಅಂದಹಾಗೆ ಆ ಹಾಫ್ನರ್ ಬ್ರಿಡ್ಜಿನ ಮೇಲೆ ಫ್ರೆಟ್ ತಂತಿಯ ಸಣ್ಣ ತುಂಡುಗಳನ್ನು ಕೊರೆದ ತೋಡುಗಳಲ್ಲಿ ಕೂರಿಸಿರುತ್ತಾರೆ. ಆ ತುಂಡನ್ನು ಹಿಂದಿನ ತೋಡಿಗೋ ಮುಂದಿನ ತೋಡಿಗೋ ಹಾಕಿ ಒಂದೊಂದು ತಂತಿಯ ಉದ್ದ ಬದಲಿಸಬಹುದು.

ಫೆಂಡರ್ ಕಂಪನಿಯ ಮೊದಲ ಪ್ರಿಸಿಷನ್ ಬಾಸೂ ಇದರಲ್ಲಿ ಪರಿಪೂರ್ಣ ಆಗಿರಲಿಲ್ಲ. 1951ರಲ್ಲಿ ಬಂದಾಗ ನಾಲ್ಕು ತಂತಿಗೆ ಎರಡೇ ಸ್ಯಾಡಲ್. ಇ ಮತ್ತು ಎ ಒಂದರ ಮೇಲೆ, ಡಿ ಮತ್ತು ಜಿ ಇನ್ನೊಂದರ ಮೇಲೆ. ಒಂದು ತಂತಿ ಸರಿಮಾಡಿದರೆ ಜೊತೆಯದು ಕೆಡುತ್ತದೆ. 1957ರಲ್ಲಿ ತಂತಿಗೊಂದು ಸ್ಯಾಡಲ್ ಬಂತು. ತಮಾಷೆ ಅಂದರೆ ಹೆಸರೇ ಪ್ರಿಸಿಷನ್, ಅಂದರೆ ನಿಖರತೆ! ಫ್ರೆಟ್ ಇಲ್ಲದ ದೊಡ್ಡ ಡಬಲ್ ಬಾಸಿಗೆ ಹೋಲಿಸಿ ಇಟ್ಟ ಹೆಸರು ಅದು. ಫ್ರೆಟ್ ಇದೆ, ಬೆರಳಿಟ್ಟರೆ ಸ್ವರ ಸರಿಯಾಗಿ ಬರುತ್ತದೆ ಅಂತ.


ವೀಣೆ ಮನೆ

ನಾನು ಬಾಸ್ ನುಡಿಸುವವಳಲ್ಲ. ಮಗ ನುಡಿಸುತ್ತಾನೆ, ಅವನಿಗಾಗಿ ಓದುತ್ತಿದ್ದೆ. ಸುಮ್ನೆ ಒಂದು ಮಾತು. ನಮ್ಮ ವೀಣೆಯಲ್ಲಿ ಬ್ರಿಡ್ಜಿಗೆ ಕುದುರೆ ಅನ್ನುತ್ತೇವೆ. ನೀವು ಬ್ರಿಡ್ಜ್ ಮೇಲಿನ ತುಂಡಿಗೆ ಸ್ಯಾಡಲ್ ಅನ್ನುತ್ತೀರಿ, ಅಂದರೆ ಜೀನು. ನಮ್ಮದು ಬರೀ ಕುದುರೆ, ನಿಮ್ಮದಕ್ಕೆ ಜೀನೂ ಇದೆ!

ವೀಣೆಯಲ್ಲಿ 24 ಮೆಟ್ಟಿಲು. ಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ದಂಡಿಯ ಮೇಲೆ ಕಟ್ಟಿ, ಅದರಲ್ಲಿ ಮೆಟ್ಟಿಲು ಕೂರಿಸುತ್ತಾರೆ. ಯಾವುದಾದರೂ ಸ್ವರ ಏರುತ್ತಿದ್ದರೆ ಆ ಒಂದು ಮೆಟ್ಟಿಲನ್ನೇ ಬಿಸಿ ಮಾಡಿ ಸರಿಸಬಹುದು. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಮೇಳ ಕಟ್ಟಿಸುತ್ತೇವೆ. ಬಾಸಿನಲ್ಲಿ ಯಾಕೆ ಫ್ರೆಟ್ ಸರಿಸುವುದಿಲ್ಲ? 12ನೆಯದು ತಪ್ಪಿದ್ದರೆ 12ನೆಯದನ್ನೇ ಸರಿಸಿದರಾಯಿತಲ್ಲ.


ಬೀಟೆಮರ

ಮೇಡಂ, ಆ ಸೌಭಾಗ್ಯ ನಮಗಿಲ್ಲ. ಬಾಸಿನ ಫ್ರೆಟ್ಟನ್ನು ಮರದಲ್ಲಿ ತೋಡು ಕೊರೆದು ಬಡಿದು ಕೂರಿಸಿರುತ್ತಾರೆ. ಜಾಗ ಲೆಕ್ಕದಲ್ಲೇ ನಿಗದಿ. ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರ ಅಂತ ಬರುತ್ತದೆ, ಹೀಗೇ ಒಂದಾದ ಮೇಲೊಂದು. ಈ ಲೆಕ್ಕಕ್ಕೆ ತಂತಿ ಬಿಗಿಯಾಗುವುದು, ದಪ್ಪವಾಗಿರುವುದು ಯಾವುದೂ ಗೊತ್ತಿಲ್ಲ. ತಂತಿಗೆ ದಪ್ಪವೇ ಇಲ್ಲ ಅಂದುಕೊಂಡು ಮಾಡಿದ ಲೆಕ್ಕ.

ನಿಜವಾದ ತಂತಿ ಹಾಗಿರುವುದಿಲ್ಲ. ಇ-ತಂತಿ ಸಾಮಾನ್ಯ ಸೆಟ್ಟಿನಲ್ಲಿ 0.105 ಇಂಚು ದಪ್ಪ, ಜಿ-ತಂತಿ 0.045. ದಪ್ಪ ತಂತಿ ಸ್ಯಾಡಲ್ ಹತ್ತಿರ ಬಾಗಲು ಒಪ್ಪುವುದಿಲ್ಲ, ಆ ತುದಿ ಸರಿಯಾಗಿ ನಡುಗುವುದಿಲ್ಲ. ಟೇಪಿನಲ್ಲಿ ಅಳೆದ ಉದ್ದಕ್ಕಿಂತ ನುಡಿಯುವ ಉದ್ದ ಕಡಿಮೆ ಆಗುತ್ತದೆ. ಅದನ್ನು ತುಂಬಿಕೊಡಲು ಸ್ಯಾಡಲ್ ಹಿಂದೆ ತರುತ್ತೇವೆ. ಅದಕ್ಕೇ ಸರಿಯಾಗಿ ಸೆಟ್ ಆದ ಬಾಸ್ ನೋಡಿದರೆ ಜಿ ಮುಂದೆ, ಇ ಎಲ್ಲರಿಗಿಂತ ಹಿಂದೆ, ನಿಮ್ಮ ಮೆಟ್ಟಿಲಿನ ಹಾಗೆ ಓರೆಯಾಗಿ ನಿಂತಿರುತ್ತವೆ. ಒಂದು ಸ್ಕ್ರೂ, 20 ಫ್ರೆಟ್ಟಿಗೂ ಒಂದೇ ರಾಜಿ.


ಕಡಲತಡಿ

ನಾನು ಮಂಗಳೂರು. ಇಲ್ಲಿಯ ಕತೆ ಕೇಳಬೇಡಿ. ಜೂನ್ ಬಂತೆಂದರೆ ನೆಕ್ ಮೇಲೆ ಬರುತ್ತದೆ, ತಂತಿ ಒಂದು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ನಾನು ವರ್ಷಕ್ಕೆ ಎರಡು ಸಲ ಟ್ರಸ್ ರಾಡ್ (ನೆಕ್ ಒಳಗಿನ, ಅದರ ಬಾಗು ಸರಿಮಾಡುವ ಸರಳು) ತಿರುಗಿಸುತ್ತೇನೆ, ಮಳೆ ಶುರುವಾದಾಗ ಬಲಕ್ಕೆ, ಚಳಿಗಾಲದಲ್ಲಿ ಎಡಕ್ಕೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನುಡಿಸಿದ ಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ತಂತಿ ಒರೆಸಿ.


ಚಳಿದೇಶ

ಇಲ್ಲಿ ಟೊರಾಂಟೊದಲ್ಲಿ ಉಲ್ಟಾ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆಯ ಗಾಳಿ ಒಣಗಿ ನೆಕ್ ಹಿಂದಕ್ಕೆ ಹೋಗುತ್ತದೆ. ಆಗ ಮೊದಲ ಫ್ರೆಟ್ಟುಗಳಲ್ಲಿ ಝರ್. ಶಿರಸಿಯಿಂದ ತಂದ ಬಾಸ್ ಮೊದಲ ಜನವರಿಯಲ್ಲೇ ನುಡಿಸಲು ಬಾರದ ಹಾಗಾಗಿತ್ತು. ಮರ ಹಾಳಾಯಿತು ಅಂತ ಹೆದರಿದ್ದೆ. ಟ್ರಸ್ ರಾಡ್ ಕಾಲು ಸುತ್ತು ಸಡಿಲಿಸಿದೆ, ಅಷ್ಟೇ.


ಹಾಸನದ ಬಾಸು

ಟ್ರಸ್ ರಾಡ್ ಅಂದರೇ ಭಯ. ಮುರಿದರೆ ನೆಕ್ಕೇ ಹೋಯಿತು ಅಂತಾರಲ್ಲ?


ಬೀಟೆಮರ

ಭಯ ಇರಲಿ, ಒಳ್ಳೆಯದೇ. ಆದರೆ ಕೆಲಸ ಸುಲಭ.

ಮೊದಲು ಹೊಸ ತಂತಿ ಹಾಕಿ ಪೂರ್ತಿ ಶ್ರುತಿಗೆ ಏರಿಸಿ. ತಂತಿಯ ಎಳೆತ ಇಲ್ಲದೆ ನೆಕ್ ನೋಡಿ ಉಪಯೋಗವಿಲ್ಲ. ಅಲೆನ್ ಕೀ ಸರಿಯಾದ ಅಳತೆಯದೇ ಆಗಿರಬೇಕು, ಇಲ್ಲಿ ಉದಾಸೀನ ಬೇಡ. ಕೆಲವು ಬಾಸಿನದು ಇಂಚು, ಕೆಲವದರದು ಮಿ.ಮೀ. ಹತ್ತಿರ ಹತ್ತಿರದ ಕೀ ಹಾಕಿ ತಿರುಗಿಸಿದರೆ ಒಳಗಿನ ಮೂಲೆ ಸವೆದು ಹೋಗುತ್ತದೆ. ನೆಕ್ ಹಾಳಾಯಿತು ಅಂತ ನನ್ನ ಹತ್ತಿರ ಬಂದವುಗಳಲ್ಲಿ ಜಾಸ್ತಿ ಇದೇ ಕೇಸು. ಕೀ ಪೂರ್ತಿ ಆಳಕ್ಕೆ ಕೂತಿದೆಯಾ ನೋಡಿ. ಇ-ತಂತಿ ಸ್ವಲ್ಪ ಸಡಿಲಿಸಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಅಳೆಯಿರಿ, ರಾತ್ರಿ ಹಾಗೇ ಬಿಡಿ. ಮರ ನಿಧಾನವಾಗಿ ಕೂರುತ್ತದೆ. ಮರುದಿನ ಬೇಕಾದರೆ ಇನ್ನೊಂದು ಕಾಲು ಸುತ್ತು. ತಿರುಗಿಸಲು ತೀರಾ ಗಟ್ಟಿ ಅನಿಸಿದರೆ ಅಲ್ಲೇ ನಿಲ್ಲಿಸಿ, ಗೊತ್ತಿರುವವರ ಕೈಗೆ ಕೊಡಿ.

ಅಳೆಯುವಾಗ ಬಾಸನ್ನು ಮೇಜಿನ ಮೇಲೆ ಮಲಗಿಸಬೇಡಿ, ನುಡಿಸುವ ಹಾಗೆ ತೊಡೆ ಮೇಲಿರಲಿ. ಮಲಗಿಸಿದರೆ ನೆಕ್ ಅದರ ಭಾರಕ್ಕೇ ಸ್ವಲ್ಪ ಬದಲಾಗುತ್ತದೆ.

ಪಿಕಪ್ ಎತ್ತರವನ್ನೂ ನೋಡಿ. ಅಯಸ್ಕಾಂತ ತಂತಿಗೆ ತೀರಾ ಹತ್ತಿರ ಇದ್ದರೆ ಎಳೆಯುತ್ತದೆ, ಮೇಲಿನ ಫ್ರೆಟ್ಟಿನಲ್ಲಿ ಸ್ವರ ನಡುಗುತ್ತದೆ, ಟ್ಯೂನರಿನ ಮುಳ್ಳು ಅತ್ತಿತ್ತ ಓಡುತ್ತದೆ. ಅದರ ಮೇಲೆ ಇಂಟೋನೇಶನ್ ಸೆಟ್ ಮಾಡಲು ಕೂತರೆ ಇಡೀ ಸಂಜೆ ಹೋಗುತ್ತದೆ.


ಐದುತಂತಿ

ತಂತಿ ಯಾಕೆ ಬದಲಿಸಬೇಕು? ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಬದಲಿಸುತ್ತಲೇ ಇರಲಿಲ್ಲ ಅಂತಾರೆ. ಅಷ್ಟು ಚಂದದ ಬಾಸ್ ಇನ್ಯಾರು ನುಡಿಸಿದ್ದಾರೆ?


ಬೀಟೆಮರ

ಜೇಮರ್ಸನ್ ಹಾಕುತ್ತಿದ್ದುದು ಫ್ಲಾಟ್‌ವೌಂಡ್. ಮೈ ನುಣ್ಣಗಿರುವುದರಿಂದ ಸಂದುಗಳಲ್ಲಿ ಕೊಳೆ ಅಷ್ಟು ಕೂರುವುದಿಲ್ಲ. ನಮ್ಮದು ರೌಂಡ್‌ವೌಂಡ್, ಸುತ್ತಿದ ತಂತಿಯ ಸಂದಿನಲ್ಲೆಲ್ಲ ಬೆವರು, ಧೂಳು. ಅದೂ ಜಾಸ್ತಿ ನುಡಿಸುವ ಜಾಗದಲ್ಲಿ ಜಾಸ್ತಿ. ತಂತಿಯ ತೂಕ ಒಂದೇ ಸಮ ಇರುವುದಿಲ್ಲ. ಅಂಥ ತಂತಿ 12ನೇ ಫ್ರೆಟ್ಟಿನಲ್ಲಿ ಸರಿ ಬಂದರೂ 5ರಲ್ಲಿ ತಪ್ಪುತ್ತದೆ. ಮತ್ತೆ, ಜೇಮರ್ಸನ್ ಕೈ ನಮಗಿಲ್ಲವಲ್ಲ ಗುರು.


ಐದುತಂತಿ

ಒಪ್ಪಿದೆ. ಆದರೆ ಹಾರ್ಮೋನಿಕ್ ಜೊತೆ ಹೋಲಿಸುವುದನ್ನು ನಾನು ಒಪ್ಪಲ್ಲ. ದಪ್ಪ ತಂತಿಯಲ್ಲಿ ಹಾರ್ಮೋನಿಕ್ಕೇ ಒಂದು ಕೂದಲು ಏರಿರುತ್ತದೆ. ಹಾಡಿನಲ್ಲಿ ಯಾರು ಹಾರ್ಮೋನಿಕ್ ನುಡಿಸುತ್ತಾರೆ? ಒತ್ತಿದ ಸ್ವರಕ್ಕೆ ಒತ್ತಿದ ಸ್ವರವನ್ನೇ ಹೋಲಿಸಬೇಕು. ನಾನು 7 ಮತ್ತು 19ನೇ ಫ್ರೆಟ್ ನೋಡುತ್ತೇನೆ, ಸರಿಯಾಗಿ ಒಂದು ಸ್ಥಾಯಿ. ಐದು ತಂತಿಯ ಬಾಸಿನ ಬಿ-ತಂತಿಗೆ ಇದೇ ವಾಸಿ. 31 ಹರ್ಟ್ಸ್ ಹತ್ತಿರದ ಆ ತಂತಿಯನ್ನು ಖಾಲಿ ನುಡಿಸಿದರೆ ಟ್ಯೂನರ್ ಬೆಪ್ಪಾಗಿ ಕೂರುತ್ತದೆ.


ಬೀಟೆಮರ

ಇದು ಒಳ್ಳೆಯ ದಾರಿ, ನಾನೂ ಕೊನೆಗೆ ಹೀಗೇ ಪರೀಕ್ಷೆ ಮಾಡುತ್ತೇನೆ. ಮೊದಲ ಸಲ ಮಾಡುವವರಿಗೆ ಹಾರ್ಮೋನಿಕ್ ಸುಲಭ, ಅದಕ್ಕೇ ಅದನ್ನು ಹೇಳಿದ್ದು. ಒಂದು ಕಿವಿಮಾತು: ನುಡಿಸುವಾಗ ಎಷ್ಟು ಒತ್ತುತ್ತೀರೋ ಅಷ್ಟೇ ಒತ್ತಿ ಅಳೆಯಿರಿ. ಟ್ಯೂನರ್ ನೋಡುವಾಗ ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಬಿಗಿಯಾಗಿ ಒತ್ತುತ್ತಾರೆ.


ಹಾಸನದ ಬಾಸು

ನಾಲ್ಕು ದಿನ ಆಯಿತು. ವರದಿ ಒಪ್ಪಿಸುತ್ತೇನೆ.

ಹೊಸ ಸೆಟ್ ತರಿಸಿದೆ, 45ರಿಂದ 105. ಮೊದಲ ದಿನ ಟ್ರಸ್ ರಾಡ್ ಕಾಲು ಸುತ್ತು. ತಿರುಗಿಸುವಾಗ ಕಿರ್ ಅಂತ ಒಂದು ಸದ್ದು ಬಂತು, ಎದೆ ಝಲ್ಲೆಂದಿತು. ಏನೂ ಆಗಿರಲಿಲ್ಲ. ಸಂದು 1.1ರಿಂದ 0.6ಕ್ಕೆ ಇಳಿಯಿತು. ಮರುದಿನ ಇನ್ನೊಂದು ಕಾಲು ಸುತ್ತು, ಈಗ 0.35. ತಂತಿಯ ಎತ್ತರ ತಾನಾಗೇ 4.2ರಿಂದ 3.4ಕ್ಕೆ ಬಂತು. ಆಮೇಲೆ ಸ್ಯಾಡಲ್ ಮೇಲಿನ ಸಣ್ಣ ಸ್ಕ್ರೂ ಎರಡೂ ಕಡೆ ಸಮನಾಗಿ ಇಳಿಸಿ 2.4 ಮಾಡಿದೆ. ಝರ್ ಸದ್ದು ಬರಲಿಲ್ಲ! ಅಂಗಡಿಯವರು ಎತ್ತಿದ್ದನ್ನು ನಾನು ಇಳಿಸಿದರೂ ಸದ್ದಿಲ್ಲ.

ಈಗ ಕೇಳಿ. ಆ ಹಿಂದೆ ಹೋಗಿ ಗೋಡೆಗೆ ಒರಗಿದ ಸ್ಯಾಡಲ್ ಹಾಗೇ ಇಟ್ಟು ಅಳೆದೆ. ಇ-ತಂತಿ 12ನೇ ಫ್ರೆಟ್ಟಿನಲ್ಲಿ 4 ಸೆಂಟ್ ಕಡಿಮೆ. ಏರು ಅಲ್ಲ, ಇಳಿ! ಎ-ತಂತಿ 2 ಕಡಿಮೆ, ಡಿ 1 ಏರು, ಜಿ ಸರಿ. ಹಿಂದೆ ಜಾಗ ಇಲ್ಲ ಅಂತ ಅಳುತ್ತಿದ್ದ ಸ್ಯಾಡಲ್ ಈಗ ಮುಂದೆ ಬರಬೇಕು. ನಾನಂತೂ ಒಬ್ಬನೇ ಕೂತು ನಕ್ಕೆ.


ಬೀಟೆಮರ

ಬ್ರಿಡ್ಜ್ ಹಿಂದಕ್ಕೆ ಹೊಸ ತೂತು ಹೊಡೆದಿದ್ದರೆ ಈಗ ನಗು ಬರುತ್ತಿರಲಿಲ್ಲ.

ಮುಂದೆ ತರುವ ಮೊದಲು ಒಂದು ಕೆಲಸ. ಹೊಸ ತಂತಿ ಸ್ಯಾಡಲ್ ಮೇಲೆ ಕಮಾನಿನ ಹಾಗೆ ಉಬ್ಬಿ ಕೂತಿರುತ್ತದೆ. ಸ್ಯಾಡಲ್‌ನ ಮುಂದೆ, ಒಂದು ಬೆರಳು ದೂರದಲ್ಲಿ, ಹೆಬ್ಬೆಟ್ಟಿನಿಂದ ತಂತಿಯನ್ನು ಒಂದು ಸಲ ಕೆಳಗೆ ಒತ್ತಿ. ನಟ್ ಹತ್ತಿರವೂ ಹಾಗೇ. ತಂತಿ ಅಲ್ಲಿ ಸರಿಯಾಗಿ ಬಾಗಿ ಕೂರುತ್ತದೆ. ಶ್ರುತಿ ಸ್ವಲ್ಪ ಇಳಿಯುತ್ತದೆ, ಮತ್ತೆ ಏರಿಸಿ. ಆಮೇಲೆ ಅಳೆದರೆ ಸಂಖ್ಯೆ ಒಂದೆರಡು ಸೆಂಟ್ ಬದಲಾಗಿರಬಹುದು.

ಸ್ಕ್ರೂ ತಿರುಗಿಸುವಾಗ ತಂತಿ ಸಡಿಲಿಸಿಕೊಳ್ಳಿ. ಬಿಗಿ ಇದ್ದಾಗ ತಿರುಗಿಸಿದರೆ ಸ್ಕ್ರೂ ತಲೆ ಸವೆಯುತ್ತದೆ. ಸ್ಟಾರ್ ಸ್ಕ್ರೂಡ್ರೈವರ್ ಸರಿಯಾದ ಸೈಜಿನದು ಬಳಸಿ, ಬಾಡಿ ಮೇಲೆ ಒಂದು ಟವೆಲ್ ಹಾಸಿ, ಜಾರಿದರೆ ಪಾಲಿಶ್ ಮೇಲೆ ಗೀರು ಬೀಳುತ್ತದೆ. ದಿಕ್ಕು ನೆನಪಿರಲಿ: ಏರಿದರೆ ಹಿಂದೆ, ಇಳಿದರೆ ಮುಂದೆ.


ಹಾಸನದ ಬಾಸು

ಒತ್ತಿದ ಮೇಲೂ 4 ಸೆಂಟ್ ಕಡಿಮೆಯೇ ಇತ್ತು. ನಿಮ್ಮ ಲೆಕ್ಕದ ಹಾಗೆ 2 ಮಿ.ಮೀ. ಮುಂದೆ ತಂದೆ. ಸರಿಯಾಗಿ ಬಂತು ಸರ್! ಎ-ತಂತಿ 1 ಮಿ.ಮೀ. ಮುಂದೆ. ಡಿ ಅರ್ಧ ಮಿ.ಮೀ. ಹಿಂದೆ. ಈಗ ನೋಡಿದರೆ ಓರೆಯಾಗಿ ಚಂದವಾಗಿ ನಿಂತಿವೆ. ಐದುತಂತಿ ಹೇಳಿದ 7 ಮತ್ತು 19 ನೋಡಿದೆ, 2 ಸೆಂಟ್ ಒಳಗೇ ಇದೆ.

ಒಂದೇ ಉಳಿದಿದೆ. ಇ-ತಂತಿ 1ನೇ ಫ್ರೆಟ್ ಒತ್ತಿದರೆ 10 ಸೆಂಟ್ ಏರು. 2ನೇ ಫ್ರೆಟ್ 6. 5ರ ನಂತರ ಸರಿ. ಸ್ಯಾಡಲ್ ಇನ್ನೂ ಹಿಂದೆ ತರಲಾ?


ಬೀಟೆಮರ

ಬೇಡವೇ ಬೇಡ. ಅದು ನಟ್. ತಂತಿ ಕೂರುವ ತೋಡು ಎತ್ತರ ಇದೆ. 1ನೇ ಫ್ರೆಟ್ ನಟ್‌ಗೆ ತೀರಾ ಹತ್ತಿರ, ಅಷ್ಟು ಸಣ್ಣ ದೂರದಲ್ಲಿ ತಂತಿ ಬಾಗಬೇಕಾದರೆ ಜಾಸ್ತಿ ಎಳೆಯುತ್ತದೆ. ದೂರ ಹೋದಂತೆ ಕಡಿಮೆ ಆಗುತ್ತದೆ. 10, 6, ಆಮೇಲೆ ಸರಿ ಅಂತ ನಿಮ್ಮ ಅಳತೆಯೇ ಅದನ್ನು ಹೇಳುತ್ತಿದೆ.

ಪರೀಕ್ಷೆ: 3ನೇ ಫ್ರೆಟ್ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ಸಂದು ನೋಡಿ. ಒಂದು ಹಾಳೆ ತೂರುವಷ್ಟು ಇದ್ದರೆ ಸರಿ. ಒಂದು ರಟ್ಟು ತೂರಿದರೆ ಎತ್ತರ. ಆದರೆ ಪ್ರೋಗ್ರಾಂ ಮುಗಿಯುವವರೆಗೆ ಅದನ್ನು ಅರದಿಂದ ಉಜ್ಜಲು ಹೋಗಬೇಡಿ. ಒಂದು ಎಳೆ ಜಾಸ್ತಿ ಉಜ್ಜಿದರೆ ಖಾಲಿ ತಂತಿ 1ನೇ ಫ್ರೆಟ್ಟಿಗೆ ತಗುಲಿ ಝರ್ ಅನ್ನುತ್ತದೆ. ಆಮೇಲೆ ಅಡುಗೆ ಸೋಡಾ, ಸೂಪರ್ ಗ್ಲೂ ಹಾಕಿ ತುಂಬಿಸುವ ಪಾಡು. ನಾನು ಆ ಪಾಡು ಪಟ್ಟಿದ್ದೇನೆ, ಅದೂ ಬೇರೆಯವರ ಬಾಸಿನಲ್ಲಿ.


ಹಳೇ ಆರ್ಕೆಸ್ಟ್ರಾ

1ನೇ ಫ್ರೆಟ್ಟಿನ ಸ್ವರ ಬಂದಾಗ ಮೆತ್ತಗೆ ಒತ್ತಪ್ಪ, ಅಷ್ಟೇ. ಇಲ್ಲಾಂದ್ರೆ ಎಫ್ ಸ್ವರವನ್ನು ಎ-ತಂತಿಯ 8ನೇ ಫ್ರೆಟ್ಟಿನಲ್ಲಿ ಮೇಲಿನ ಸ್ಥಾಯಿಗೆ ಹಾಕು. ಕೇಳೋರಿಗೆ ಚಂದವೇ ಅನಿಸುತ್ತೆ.


ಹಾಸನದ ಬಾಸು

ಪ್ರೋಗ್ರಾಂ ಆಯಿತು. ಹಳೇ ಆರ್ಕೆಸ್ಟ್ರಾ ಸರ್ ಹೇಳಿದ ಹಾಗೆ ಎಫ್ ಬಂದ ಕಡೆ 8ನೇ ಫ್ರೆಟ್ಟಿನಲ್ಲಿ ನುಡಿಸಿದೆ. ಕೀಬೋರ್ಡ್ ಅಣ್ಣ ಒಂದೇ ಸಲ ತಿರುಗಿ ನೋಡಿದರು. ಅದು ನಾನು ಪಲ್ಲವಿಗೆ ಬದಲು ಚರಣಕ್ಕೆ ಹೋದಾಗ. ಶ್ರುತಿಯ ಮಾತೇ ಬರಲಿಲ್ಲ. ನಟ್ ಕೆಲಸಕ್ಕೆ ಮುಂದಿನ ತಿಂಗಳು ಬೆಂಗಳೂರಿಗೆ ತರುತ್ತೇನೆ, ಬೀಟೆಮರ ಸರ್, ನೀವೇ ಮಾಡಿಕೊಡಬೇಕು.

ಒಂದು ಸಣ್ಣ ಪ್ರಶ್ನೆ. ಎತ್ತರ ಇಳಿಸಿದ ಮೇಲೆ ಜಿ-ತಂತಿಯ ಸ್ಯಾಡಲ್‌ನ ಒಂದು ಸಣ್ಣ ಸ್ಕ್ರೂ ಸಡಿಲ ಆಗಿ ಚಿರ್ ಚಿರ್ ಅನ್ನುತ್ತದೆ. ಪ್ರೋಗ್ರಾಂ ಮಧ್ಯೆ ಎರಡು ಸಲ ತಾನಾಗೇ ಇಳಿಯಿತು.


ಕಡಲತಡಿ

ಸ್ಕ್ರೂ ಬಿಚ್ಚಿ, ಅದರ ಥ್ರೆಡ್ಡಿಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿ, ಬೇಕಾದ ಎತ್ತರಕ್ಕೆ ಮತ್ತೆ ಹಾಕಿ ಒಣಗಲು ಬಿಡಿ. ಬೇಕಾದಾಗ ಅಲೆನ್ ಕೀ ಹಾಕಿದರೆ ಬಿಟ್ಟುಕೊಳ್ಳುತ್ತದೆ. ಬಣ್ಣ ಇಲ್ಲದ್ದು ಹಚ್ಚಿ.


ಹಾಸನದ ಬಾಸು

ಮನೆಯಲ್ಲಿ ಇದ್ದದ್ದು ತಂಗಿಯ ಕಡುಗೆಂಪು. ಅದನ್ನೇ ಹಚ್ಚಿದ್ದೇನೆ. ಚಿರ್ ಸದ್ದು ನಿಂತಿದೆ, ತಂಗಿ ಬಾಟಲಿ ಹುಡುಕುತ್ತಿದ್ದಾಳೆ.